ಉಗುಳಿದ ಉಪ್ಪು

ಬೊಮ್ಮಯ್ಯ ಬೀದಿ ನಾಯಿಗೂ ಕಲ್ಲೆತ್ತಿ ಹೊಡೆದವನಲ್ಲ. ಅಂಥವನು ಆ ಏಪ್ರಿಲ್ ತಿಂಗಳ ಬೆಳಿಗ್ಗೆ ಒಂಬತ್ತೂವರೆಗೆ, ಹೊಸಗಜನಿಯ ಉಪ್ಪಿನ ಆಗರದಲ್ಲಿ, ಉಪ್ಪುನೀರು ಕಟ್ಟಿದ ಏಳನೇ ಪಾತಿಯ ಬದುವಿನ ಮೇಲೆ ನಿಂತು, ಮೂವತ್ತು ವರ್ಷ ಜೊತೆಯಲ್ಲಿ ಉಪ್ಪು ಎಳೆದ ಗಣಪುವಿನ ತಲೆಗೆ ಉಪ್ಪೆಳೆಯುವ ಮರದ ಹಲಗೆಯಿಂದ ಹೊಡೆದ. ಮೊದಲ ಏಟಿಗೆ ಗಣಪು ನಕ್ಕನಂತೆ, ಏನೋ ತಮಾಷೆ ಅಂದುಕೊಂಡು. ಎರಡನೆಯದಕ್ಕೆ ಮಂಡಿಯೂರಿದ. ಐದನೆಯದಕ್ಕೆ ಹಲಗೆಯ ಉದ್ದ ಹಿಡಿ ಮುರಿಯಿತು. ಮುರಿದ ತುಂಡಿನಿಂದಲೇ ಬೊಮ್ಮಯ್ಯ ಇನ್ನೂ ಹೊಡೆಯುತ್ತಿದ್ದ. ನಾಲ್ಕು ಜನ ಮೇಲೆ ಬಿದ್ದು ಹಿಡಿಯುವಷ್ಟರಲ್ಲಿ ಗಣಪುವಿನ ಮುಖ ಗುರುತು ಸಿಗದ ಹಾಗೆ ಆಗಿತ್ತು. ಆಗಷ್ಟೇ ಗುಡ್ಡೆ ಮಾಡಿದ್ದ ಬಿಳಿ ಉಪ್ಪು ಅರ್ಧಕ್ಕರ್ಧ ಕೆಂಪಾಗಿತ್ತು.

ಉಪಕೇಂದ್ರದ ನರ್ಸ್ ಶೇವಂತಿಗೆ ಸುದ್ದಿ ಮುಟ್ಟಿದಾಗ ಅವಳು ಹೃದಯದ ಕಾಯಿಲೆಯ ಮುದುಕರು ಅನಂತ ಮಾಸ್ತರರ ನಾಡಿ ನೋಡುತ್ತಿದ್ದಳು. ಬೊಮ್ಮಯ್ಯ ಅವಳ ಒಡಹುಟ್ಟಿದ ಅಣ್ಣ. "ಯಾವ ಬೊಮ್ಮಯ್ಯ?" ಎಂದು ಅವಳು ಎರಡು ಸಲ ಕೇಳಿದಳು. ಹೊಸಗಜನಿಯಲ್ಲಿ ಆ ಹೆಸರಿನವರು ಮೂವರಿದ್ದರು, ಉಳಿದಿಬ್ಬರಲ್ಲಿ ಒಬ್ಬನಾಗಿರಲಿ ಎಂದು ಅವಳ ಜೀವ ಹಾರೈಸಿತು. ಹಾಗೆ ಹಾರೈಸಿದ್ದಕ್ಕೆ ಅವಳಿಗೆ ಆಮೇಲೆ ನಾಚಿಕೆಯೂ ಆಯಿತು.

ಬೊಮ್ಮಯ್ಯನನ್ನು ಹಗ್ಗದಲ್ಲಿ ಕಟ್ಟಿ ಉಪಕೇಂದ್ರಕ್ಕೇ ಹೊತ್ತು ತಂದರು. ಹಿಂದಿನ ಕೋಣೆಯ ಕಬ್ಬಿಣದ ಮಂಚಕ್ಕೆ ಬಿಗಿದರು. ಬಾಗಿಲಲ್ಲಿ ಒಬ್ಬ ಕಾನ್‌ಸ್ಟೇಬಲ್ ನಿಂತ. ಶೇವಂತಿ ಹತ್ತಿರ ಹೋಗಿ "ಅಣ್ಣಾ" ಎಂದಳು. ಬೊಮ್ಮಯ್ಯ ಅವಳತ್ತ ತಿರುಗಿದ. ಕಣ್ಣು ತೆರೆದೇ ಇತ್ತು, ಆದರೆ ಅವಳನ್ನು ಕಾಣುತ್ತಿರಲಿಲ್ಲ. ಬೆವರು ಒರೆಸಲು ಕೈ ಚಾಚಿದ್ದೇ ತಡ, ಮುಂಗೈಗೆ ಬಾಯಿ ಹಾಕಿ ಕಚ್ಚಿದ. ಕಾನ್‌ಸ್ಟೇಬಲ್ ಲಾಠಿಯಿಂದ ಅವನ ದವಡೆಗೆ ಬಾರಿಸಿದ ಮೇಲೆಯೇ ಹಲ್ಲು ಸಡಿಲವಾದದ್ದು. ತನ್ನ ಗಾಯಕ್ಕೆ ತಾನೇ ಹೊಲಿಗೆ ಹಾಕಿಕೊಳ್ಳುತ್ತ ಶೇವಂತಿ ಗೋಡೆಯ ಪರದೆ ನೋಡಿದಳು. ಅದರಲ್ಲಿ ಅಣ್ಣನ ಹೆಸರಿನ ಮುಂದೆ ಕೆಂಪು ಅಕ್ಷರ ಮಿನುಗುತ್ತಿತ್ತು: ಉಪ್ಪು ಅತಿ ಹೆಚ್ಚು. ನೀರು ಕುಡಿಸಿ.

ಮಿತಿಮಣಿ ಬಂದು ಆಗ ಎರಡು ವರ್ಷ. ಅದರ ಕೆಲಸ ಸರಳ. ಹಲ್ಲಿನ ಹಿಂದೆ ಸಾಸಿವೆಯಷ್ಟು ಗಾತ್ರದ ಒಂದು ಕಣ್ಣು ಅಂಟಿಸುತ್ತಾರೆ. ಬಾಯಿಗೆ ಎಷ್ಟು ಉಪ್ಪು ಬಂತೆಂದು ಅದು ಅಳೆಯುತ್ತದೆ. ತೋಳಿನ ಚರ್ಮದ ಕೆಳಗೆ, ಹುಣಸೆ ಬೀಜದಷ್ಟು ದೊಡ್ಡ ಮಣಿಯೊಳಗೆ, ಐದು ವರ್ಷಕ್ಕಾಗುವ ಮದ್ದು ತುಂಬಿರುತ್ತದೆ. ಬಾಯಿಗೆ ಉಪ್ಪು ಹೆಚ್ಚು ಬಂದ ದಿನ ಮಣಿ ಅಷ್ಟಕ್ಕೆ ತಕ್ಕ ಮದ್ದು ಬಿಡುತ್ತದೆ, ಮೈಯ ಉಪ್ಪು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಮೊದಲು ರಕ್ತದಲ್ಲೇ ಅಳೆಯುವ ಮಣಿ ಮಾಡಿ ನೋಡಿದ್ದರಂತೆ. ತಿಂಗಳೊಳಗೆ ಮೈ ಅದರ ಸುತ್ತ ಪೊರೆ ಕಟ್ಟಿ ಕುರುಡು ಮಾಡುತ್ತಿತ್ತು. ಹಾಗಾಗಿ ಬಾಯಿಯಲ್ಲಿ ಅಳೆದರೆ ಸಾಕು ಎಂದು ತೀರ್ಮಾನವಾಯಿತು. ಬಾಯಿಗೆ ಹೋದದ್ದು ಹೊಟ್ಟೆಗೆ ಹೋಗದೆ ಇನ್ನೆಲ್ಲಿ ಹೋದೀತು? ಇಡೀ ಕರಾವಳಿಗೆ ಇದು ಕಡ್ಡಾಯವಾಯಿತು.

ಉಪ್ಪು ಬೆಳೆಯುವ ಊರಿನವರೇ ಉಪ್ಪು ತಿನ್ನಬಾರದು ಅಂದರೆ ಯಾರು ಒಪ್ಪುತ್ತಾರೆ? ಯಾರೂ ಒಪ್ಪಲಿಲ್ಲ. ಶೇವಂತಿ ಮನೆಮನೆಗೆ ಹೋಗಿ ಒಪ್ಪಿಸಿದಳು. ಅವಳು ಸುಳ್ಳು ಹೇಳಿದವಳಲ್ಲ. ಅವಳ ಗಂಡ ಬಿಪಿ ಗುಳಿಗೆಯನ್ನು ಹಿತ್ತಿಲಿಗೆಸೆದು, ದಿನಕ್ಕೆರಡು ಹೊತ್ತು ಒಣಮೀನು ತಿಂದು, ನಲವತ್ತೊಂದನೇ ವಯಸ್ಸಿಗೆ ಲಕ್ವ ಹೊಡೆದು ಸತ್ತಿದ್ದ. ಎಂಟು ತಿಂಗಳು ಅವನ ಬಾಯಿ ಒರೆಸಿದವಳಿಗೆ ಮಿತಿಮಣಿ ದೇವರ ಹಾಗೆ ಕಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಊರಿನಲ್ಲಿ ಮೊಟ್ಟಮೊದಲು ತೋಳು ಚಾಚಿದವನು ಬೊಮ್ಮಯ್ಯ. "ನೀ ಹೇಳಿದ ಮೇಲೆ ಮುಗೀತು ತಂಗೀ" ಎಂದಿದ್ದ. ಮಣಿ ಕೂರಿಸಿದ್ದು ಅವಳದೇ ಕೈ.

ಮೊದಲ ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಆ ವರ್ಷ ಪ್ರವಾಹಕ್ಕೆ ಕಟ್ಟೆ ಒಡೆದು ಆಗರ ನಡೆದಿರಲಿಲ್ಲ. ಈ ವರ್ಷ ಆಗರ ಶುರುವಾದ ಮೇಲೆ ಊರಿಗೆ ಏನೋ ಬಡಿಯಿತು. ಒಬ್ಬ ಕುದಿಯುವ ಸಾರಿನ ಪಾತ್ರೆಯನ್ನು ಹೆಂಡತಿಯ ಮೇಲೆ ಎತ್ತಿ ಹಾಕಿದ. ಇನ್ನೊಬ್ಬ ಹಾಡುಹಗಲೇ ಹೊಳೆಗೆ ನಡೆದುಕೊಂಡು ಹೋಗಿ ಹೆಣವಾಗಿ ತೇಲಿದ. ತಲೆ ತಿರುಗಿ ಬಿದ್ದವರಿಗಂತೂ ಲೆಕ್ಕವಿಲ್ಲ. ಪ್ರತಿ ಸಲವೂ ಪರದೆ ಹೇಳಿದ್ದು ಒಂದೇ ಮಾತು, ಉಪ್ಪು ಹೆಚ್ಚು. 'ಕದ್ದು ತಿನ್ನುತ್ತಾರೆ' ಎಂದು ಶೇವಂತಿ ಎಲ್ಲರನ್ನೂ ಬೈದು, ಚೊಂಬುಗಟ್ಟಲೆ ನೀರು ಕುಡಿಸಿ ಕಳಿಸಿದ್ದಳು.

ಪರದೆಯಲ್ಲಿ ಡಾಕ್ಟರ್ ಚಿತ್ತರಂಜನ ಮಿರ್ಜಿಯವರ ಮುಖ ಮೂಡಿತು. ಜಿಲ್ಲೆಯ ಲವಣಮಿತಿ ಕೇಂದ್ರದ ಮುಖ್ಯಸ್ಥರು.

"ವಿಷಯ ಗೊತ್ತಾಯ್ತು. ಲವಣದ ಉನ್ಮಾದ. ಆ ಮನುಷ್ಯ ದಿನಕ್ಕೆ ನಲವತ್ತು ಗ್ರಾಂ ಉಪ್ಪು ತಿಂದಿದ್ದಾನೆ, ನೋಡಿ. ನಾಲ್ಕು ಗಂಟೆಗೆ ಇಲ್ಲಿಂದಲೇ ಮಣಿಯನ್ನು ದುಪ್ಪಟ್ಟಿಗೆ ಏರಿಸುತ್ತೇವೆ. ಸಂಜೆ ಪೊಲೀಸ್ ವ್ಯಾನಿನಲ್ಲಿ ಮನೋರೋಗ ಆಸ್ಪತ್ರೆಗೆ ಸಾಗಿಸಿ."

"ನಲವತ್ತು ಗ್ರಾಂ ಯಾರು ತಿಂತಾರೆ ಸಾರ್? ವಾಂತಿ ಆಗಿ ಸಾಯ್ತಾರೆ."

"ಅದಕ್ಕೇ ಅಲ್ಲವೇ ಹುಚ್ಚು ಹಿಡಿದದ್ದು" ಎಂದು ಅವರು ಪರದೆ ಆರಿಸಿದರು.

ಹಿಂದಿನ ಕೋಣೆಯಲ್ಲಿ ಮಂಚ ಗಡಗಡ ಸದ್ದು ಮಾಡಿತು. ಬೊಮ್ಮಯ್ಯನ ಮೈ ಬಿಲ್ಲಿನಂತೆ ಬಾಗಿ, ಬಾಯಿಯಿಂದ ನೊರೆ ಬರುತ್ತಿತ್ತು. ಎರಡು ನಿಮಿಷ ಸೆಳವು ಹಾಗೆ ಎಳೆದು ಬಿಟ್ಟಿತು. ಹೀಗೆಯೇ ಇನ್ನೆರಡು ಸಲ ಎಳೆದರೆ ಅಣ್ಣ ಉಳಿಯುವುದಿಲ್ಲವೆಂದು ಶೇವಂತಿಗೆ ಅರ್ಥವಾಯಿತು. ಅನಂತ ಮಾಸ್ತರರಿಗೆ "ಇಲ್ಲೇ ಇರಿ, ಬಂದೆ" ಎಂದವಳೇ, ಅಣ್ಣನ ತೋಳಿನಿಂದ ಒಂದು ಪುಟ್ಟ ಬಾಟಲಿ ರಕ್ತ ತೆಗೆದು ಸೆರಗಿಗೆ ಕಟ್ಟಿಕೊಂಡು ಸ್ಕೂಟರ್ ಹತ್ತಿದಳು. ಯಾಕೆ ತೆಗೆದಳೆಂದು ಆಗ ಅವಳಿಗೂ ಗೊತ್ತಿರಲಿಲ್ಲ. ಮಣಿ ಬಂದ ಮೇಲೆ ರಕ್ತ ಪರೀಕ್ಷೆ ಯಾರೂ ಕೇಳಿದ್ದೇ ಇಲ್ಲ.

ಮೊದಲು ಅಣ್ಣನ ಮನೆಗೆ ಹೋದಳು. ಅಡುಗೆಮನೆಯ ಕಲ್ಲುಪ್ಪಿನ ಮರಿಗೆ, ಅಟ್ಟ, ಹಿತ್ತಿಲ ಕೊಟ್ಟಿಗೆ ಎಲ್ಲ ತಡಕಾಡಿದಳು. ಎಲ್ಲಿ ಅಡಗಿಸಿಟ್ಟು ತಿನ್ನುತ್ತಿದ್ದಾನೆ ಅಂತ ಕಂಡುಹಿಡಿಯದೆ ಬಿಡುವುದಿಲ್ಲವೆಂದು ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕೆ ಸುರಿದಳು. ತಾಯಿ ಬಾಗಿಲಿಗೆ ಒರಗಿ ನೋಡುತ್ತ ನಿಂತಿದ್ದಳು.

"ಎಂತಾ ಹುಡುಕ್ತೆ?"

"ಉಪ್ಪು. ಎಲ್ಲಿಟ್ಟಾನೆ ಹೇಳು ಅಬ್ಬೆ."

ಮುದುಕಿ ಒಲೆಯ ಮೇಲಿನ ಗಂಜಿ ಪಾತ್ರೆಯನ್ನೇ ಎತ್ತಿ ಮಗಳ ಕೈಗೆ ಕೊಟ್ಟಳು. "ತಿಂದ್ ನೋಡು."

ಶೇವಂತಿ ಬೆರಳದ್ದಿ ಬಾಯಿಗಿಟ್ಟಳು. ಸಪ್ಪೆ ಗಂಜಿ, ಬರೀ ಅನ್ನದ ನೀರು.

"ಮೂರು ತಿಂಗಳಾತು. ಇದನ್ನೇ ಉಂಬೂದು ಅಂವ. ಉಪ್ಪಿನಕಾಯಿ ಇಲ್ಲ, ಸುಕ್ಕಲು ಮೀನಿಲ್ಲ. ಕೊಡ್ತೆ ಅಂದ್ರೆ 'ತಂಗಿ ಬೈತದೆ' ಅಂತಾನೆ. ಆಗರದಿಂದ ಬಂದು ಕೂತಲ್ಲೇ ವಾಲ್ತಿದ್ದ. ನಿಂಗೆ ಹೇಳೂಕೆ ಬಂದ್ರೆ ನೀ ನೀರು ಕುಡಿ ನೀರು ಕುಡಿ ಅಂದಿ." ಮುದುಕಿ ಅಟ್ಟಣಿಗೆಯ ಮೇಲಿಂದ ತುಕ್ಕು ಹಿಡಿದ ಒಂದು ತಗಡಿನ ಡಬ್ಬಿ ಇಳಿಸಿದಳು. ಅದು ಖಾಲಿಯಾಗಿತ್ತು. ಮುಚ್ಚಳದ ಮೇಲೆ ದುಂಡು ಕೆನ್ನೆಯ ಮಗುವಿನ ಚಿತ್ರ ಮಾಸಿಹೋಗಿತ್ತು. "ನಿಂಗ್ಳಿಬ್ಬರಿಗಿಂತ ಮುಂಚೆ ಒಂದು ಮಗು ಇತ್ತಲ್ಲ, ಅದಕ್ಕೆ ಮೊಲೆ ಬ್ಯಾಡ, ಈ ಪುಡಿ ಕೊಡು ಅಂದಿದ್ರು ದೊಡ್ಡ ಡಾಕ್ಟ್ರು. ಮೊದಲ ಹಾಲು ಕೆಟ್ಟ ಹಾಲು, ಹಿಂಡಿ ಚೆಲ್ಲು ಅಂದ್ರು. ಚೆಲ್ದೆ. ಡಬ್ಬಿ ಹಾಲಿಗೆ ಬಾವಿ ನೀರು ಹಾಕಿ ಕೊಟ್ಟೆ. ನಲವತ್ತು ದಿನ ಭೇದಿ ಆಗಿ ಹೋತು. ನೀ ಹುಟ್ಟೂದ್ರೊಳಗೆ ಅವ್ರೇ ಬೋರ್ಡು ಬರೆಸಿದ್ರು, ತಾಯಿ ಹಾಲೇ ಅಮೃತ ಅಂತ. ತೆಂಗಿನೆಣ್ಣೆ ವಿಷ ಅಂದ್ರು, ಆಮೇಲೆ ಅಷ್ಟೆಂತ ಅಲ್ಲ ಅಂದ್ರು. ಮೊಟ್ಟೆ ಬ್ಯಾಡ ಅಂದ್ರು, ಈಗ ಶಾಲೆನಾಗೇ ಕೊಡ್ತ್ರು. ನಾ ಯಾರನ್ನೂ ಬೈಯೂದಿಲ್ಲ. ಆದ್ರೆ ಆ ಮಗು ಹೋದ ಮೇಲೆ ಯಾರೂ ಬಂದು, ಅಬ್ಬೆ, ನಾವು ಹೇಳಿದ್ದು ತಪ್ಪಾತು ಅನ್ಲಿಲ್ಲ."

ಶೇವಂತಿಗೆ ಗಂಡನ ವಾಲಿದ ಬಾಯಿ ಕಣ್ಣ ಮುಂದೆ ಬಂತು. ಅದೂ ಸುಳ್ಳಲ್ಲ, ಈ ಡಬ್ಬಿಯೂ ಸುಳ್ಳಲ್ಲ. ಅಣ್ಣ ಉಪ್ಪು ತಿಂದಿಲ್ಲ ಅನ್ನುವುದಂತೂ ಅವಳ ನಾಲಗೆಯ ಮೇಲೆಯೇ ಇತ್ತು. ಹಾಗಿದ್ದರೆ ಆ ನಲವತ್ತು ಗ್ರಾಂ ಎಲ್ಲಿಂದ ಬಂತು?

ಸ್ಕೂಟರ್ ಆಗರದ ಬದುವಿಗೆ ತಿರುಗಿತು. ಗಣಪುವಿನ ಹೆಣವನ್ನು ಪೊಲೀಸರು ಒಯ್ದಾಗಿತ್ತು. ಅಷ್ಟಾದರೂ ಕೆಲಸ ನಿಂತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಹರಳು ಕಟ್ಟಿದ ಉಪ್ಪನ್ನು ಎಳೆಯದಿದ್ದರೆ ಅದು ಪಾತಿಗೆ ಕಚ್ಚಿಕೊಳ್ಳುತ್ತದೆ. ಬೊಮ್ಮಯ್ಯನ ಜಾಗದಲ್ಲಿ ಗಣಪುವಿನ ತಮ್ಮ ಈರು ನಿಂತಿದ್ದ. ಅಳುತ್ತಲೇ ಕೆಲಸ ಮಾಡುತ್ತಿದ್ದ. ಅವನು ಒಂದು ಪಾತಿಗೆ ಬಗ್ಗಿ, ಬೆರಳದ್ದಿ, ನಾಲಗೆಗೆ ಹಚ್ಚಿ, ಬಾಯಿ ಚಪ್ಪರಿಸಿ, ಥೂ ಎಂದು ಉಗುಳಿದ. "ಇದು ಸಂಜೆಗೆ" ಎಂದ. ಮುಂದಿನ ಪಾತಿಗೆ ಹೋಗಿ ಮತ್ತೆ ಬೆರಳದ್ದಿ ಉಗುಳಿದ.

ಹೊಸಗಜನಿಯಲ್ಲಿ ಉಪ್ಪುನೀರಿನ ಹದ ನೋಡುವುದು ಹೀಗೆಯೇ, ಅಜ್ಜನ ಕಾಲದಿಂದ. ನಾಲಗೆ ಚುರ್ ಅಂದರೆ ಒಂದು ಹದ, ಕಹಿ ಬಂದರೆ ಇನ್ನೊಂದು. ಬೊಮ್ಮಯ್ಯ ದಿನಕ್ಕೆ ನೂರಿಪ್ಪತ್ತು ಪಾತಿ ನೋಡುತ್ತಿದ್ದ, ನೂರಿಪ್ಪತ್ತು ಸಲ ಉಗುಳುತ್ತಿದ್ದ. ಶೇವಂತಿ ಚಿಕ್ಕಂದಿನಿಂದ ನೋಡಿದ ಆಟವೇ ಇದು. ದಿನಾ ಕಣ್ಣೆದುರಿಗೇ ಇದ್ದುದರಿಂದ ಅವಳಿಗದು ಹೊಳೆದೇ ಇರಲಿಲ್ಲ. ಮಣಿ ಮಾಡಿದವರಿಗಂತೂ, ಉಪ್ಪನ್ನು ಬಾಯಿಗೆ ಹಾಕಿಕೊಂಡು ಉಗುಳುವ ಜನ ಭೂಮಿಯ ಮೇಲೆ ಇದ್ದಾರೆಂದು ಕನಸಿನಲ್ಲೂ ಹೊಳೆದಿರಲಿಕ್ಕಿಲ್ಲ. ಹಲ್ಲಿನ ಹಿಂದಿನ ಕಣ್ಣು ನೂರಿಪ್ಪತ್ತು ಸಲ ತಿಂದ ಅಂತ ಬರೆದುಕೊಂಡಿತ್ತು, ಮಣಿ ಮದ್ದು ಬಿಟ್ಟಿತ್ತು. ಬೆವರಲ್ಲಿ ಹೋಗಿ ಉಳಿದಿದ್ದ ಒಂದಿಷ್ಟು ಉಪ್ಪೂ ಮೂತ್ರದಲ್ಲಿ ಹೋಗಿತ್ತು. ಮಿಕ್ಕದ್ದನ್ನು ಅವಳು ಕುಡಿಸಿದ ನೀರು ತೆಳ್ಳಗೆ ಮಾಡಿತ್ತು. ಉಪ್ಪು ಬತ್ತಿದ ಮೈಯಲ್ಲಿ ಮಿದುಳು ನೀರು ಕುಡಿದು ಊದುತ್ತದೆ. ಮನುಷ್ಯ ಮೊದಲು ವಾಲುತ್ತಾನೆ, ಆಮೇಲೆ ರೇಗುತ್ತಾನೆ, ಆಮೇಲೆ ತನ್ನವರ ಗುರುತೂ ಸಿಗುವುದಿಲ್ಲ.

"ಉಗಿಯೂದು ನಿಲ್ಸಿ!" ಶೇವಂತಿ ಕೂಗಿದಳು. "ಯಾರೂ ಬಾಯಿಗೆ ಹಾಕ್ಬ್ಯಾಡಿ! ಮಣಿ ತಪ್ಪು ಓದ್ತಾ ಅದೆ. ಅಣ್ಣಂದು ಹುಚ್ಚಲ್ಲ, ಮಣಿ ಕೆಲ್ಸ!"

ಈರು ತಲೆಯೆತ್ತಿದ. ಬೆಳಗಿನಿಂದ ಅವನ ಸೊಂಟದಲ್ಲಿ ಮೀನು ಕೊಯ್ಯುವ ಕತ್ತಿಯಿತ್ತು. ಅದು ಬೊಮ್ಮಯ್ಯನಿಗಾಗಿ ಸಿಕ್ಕಿಸಿಕೊಂಡದ್ದು. "ಹಂಗಾರೆ ನನ್ನಣ್ಣನ್ನ ಕೊಂದದ್ದು ಇದಾ?" ಎಂದು ತನ್ನ ತೋಳು ಮುಟ್ಟಿ ಕೇಳಿದ.

"ಅದೇ. ಕೈ ಹಚ್ಬ್ಯಾಡಿ ಯಾರೂ. ಒಡೆದ್ರೆ ಒಳಗಿನ ಮದ್ದೆಲ್ಲ ಒಂದೇ ಸಲಕ್ಕೆ ಮೈಗೆ ಇಳೀತದೆ. ನಿಲ್ಸೂದು ಕೇಂದ್ರದಲ್ಲೇ. ನಾ ಹೋಗಿ ಬತ್ತೆ."

ಮಾತಿನ ಮೊದಲ ಪದವನ್ನಷ್ಟೇ ಈರು ಕೇಳಿಸಿಕೊಂಡಿದ್ದ.

ಕೇಂದ್ರ ಇಪ್ಪತ್ತು ಕಿಲೋಮೀಟರ್ ದೂರ. ಅವಳು ಮುಟ್ಟಿದಾಗ ಮೂರು ಗಂಟೆ ಹತ್ತು ನಿಮಿಷ. ತಣ್ಣನೆಯ ಕೋಣೆ, ಗೋಡೆಯ ತುಂಬ ಪರದೆಗಳು, ಹನ್ನೆರಡು ಲಕ್ಷ ಜನರ ಬಾಯಿಯ ಲೆಕ್ಕ ಸಾಲುಸಾಲಾಗಿ ಹರಿಯುತ್ತಿತ್ತು. ರಕ್ತ ಹತ್ತಿದ ಸೀರೆ, ಹೊಲಿಗೆ ಹಾಕಿದ ಕೈ, ಮುಷ್ಟಿಯಲ್ಲಿ ಆಗರದಿಂದ ತಂದ ಒಂದು ಹಿಡಿ ಕಲ್ಲುಪ್ಪು. ಹೀಗೆ ಒಳಬಂದ ಹೆಂಗಸನ್ನು ಕಂಡು ಕುರ್ಚಿಗಳು ತಾವಾಗಿಯೇ ಹಿಂದೆ ಸರಿದವು.

ಮಿರ್ಜಿ ಕೆಟ್ಟ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡರು. ಕೇಳಿ, "ನಿಮ್ಮ ಅಣ್ಣನ ವಿಷಯ, ನಿಮಗೆ ಹಾಗೆ ಅನ್ನಿಸುವುದು ಸಹಜ" ಎಂದರು. "ಎರಡು ವರ್ಷದಲ್ಲಿ ಈ ಜಿಲ್ಲೆಯಲ್ಲಿ ಲಕ್ವ ಮೂರನೇ ಒಂದು ಭಾಗ ಇಳಿದಿದೆ. ಅದೂ ಸುಳ್ಳೇ?"

"ಸುಳ್ಳಲ್ಲ ಸಾರ್. ನನ್ನ ಗಂಡಗೆ ಈ ಮಣಿ ಇದ್ದಿದ್ರೆ ಇವತ್ತು ಬದುಕಿರ್ತಿದ್ದ. ಅದಕ್ಕೇ ನಾನೇ ಕೂರಿಸ್ದೆ. ಆದ್ರೆ ಆಗರದವರ ಬಾಯಲ್ಲಿ ಅದು ತಪ್ಪು ಓದ್ತದೆ."

"ಹನ್ನೆರಡು ಲಕ್ಷ ಜನರಲ್ಲಿ ಕಾಣದ ತಪ್ಪು..."

"ಮೊದ್ಲ ಹಾಲು ಚೆಲ್ಲಿ ಅಂದಾಗ್ಲೂ ಹೀಂಗೇ ಹೇಳಿದ್ರಂತೆ ಸಾರ್ ನಮ್ಮ ಅಬ್ಬೆಗೆ."

"ಆ ಕಾಲದ ತಪ್ಪನ್ನು ವಿಜ್ಞಾನವೇ ತಿದ್ದಿಕೊಂಡಿತು. ಅದೇ ವಿಜ್ಞಾನದ ದೊಡ್ಡತನ."

"ತಿದ್ದಿಕೊಂಬೂದ್ರೊಳಗೆ ಸತ್ತವರು ಯಾರ ಮನೆಯವ್ರು ಸಾರ್?" ಅವಳು ಸೆರಗು ಬಿಚ್ಚಿ ರಕ್ತದ ಬಾಟಲಿ ಮೇಜಿನ ಮೇಲಿಟ್ಟಳು. "ತಿದ್ದಿ ಅಂತ್ಲೇ ಬಂದದ್ದು. ಇದನ್ನ ಪರೀಕ್ಷೆ ಮಾಡ್ಸಿ. ಹತ್ತು ನಿಮಿಷದ ಕೆಲ್ಸ."

"ಮಣಿ ಇರುವಾಗ ರಕ್ತ ಪರೀಕ್ಷೆಗೆ ಅನುಮತಿ ಇಲ್ಲ. ಸಮಿತಿಗೆ ಬರೆಯಬೇಕು." ಗಡಿಯಾರ ನೋಡಿದರು. ಮೂರೂವರೆ. "ನೀವು ಸುಸ್ತಾಗಿದ್ದೀರಿ, ಕೂತುಕೊಳ್ಳಿ."

ಶೇವಂತಿ ಕೂರಲಿಲ್ಲ. ಇಪ್ಪತ್ತೆರಡು ವರ್ಷ ಕಿರುಚಾಡುವ ಮಕ್ಕಳ ಕೆನ್ನೆ ಒತ್ತಿ ಬಾಯಿ ತೆರೆಸಿ ಹನಿ ಹಾಕಿದ ಕೈ ಅದು. ಮೇಜಿನ ಮೇಲಿಂದ ಬಾಗಿ ಎಡಗೈಯಿಂದ ಮಿರ್ಜಿಯವರ ಕೆನ್ನೆ ಒತ್ತಿದಳು. ಬಾಯಿ ತೆರೆಯಿತು. ಬಲಗೈಯ ಕಲ್ಲುಪ್ಪನ್ನು ಅಷ್ಟೂ ಒಳಗೆ ತುರುಕಿದಳು. ಕುರ್ಚಿ ಹಿಂದಕ್ಕೆ ಮಗುಚಿತು, ಇಬ್ಬರೂ ನೆಲಕ್ಕೆ ಬಿದ್ದರು. ಅವರ ತುಟಿ ಒಡೆದು ರಕ್ತ ಬಂತು. "ಉಗೀರಿ!" ಎಂದು ಅವಳು ಅವರ ಎದೆಯ ಮೇಲೆ ಮೊಣಕಾಲೂರಿ ಕೂಗಿದಳು. "ಒಂದು ಹರಳು ನುಂಗ್ಬ್ಯಾಡಿ. ಎಲ್ಲ ಉಗೀರಿ!" ಕಾವಲುಗಾರ ಜುಟ್ಟು ಹಿಡಿದು ಅವಳನ್ನು ಗೋಡೆಗೆ ಅಪ್ಪಳಿಸಿದ.

ಮಿರ್ಜಿ ಕೆಮ್ಮುತ್ತ, ಉಗುಳುತ್ತ ಎದ್ದರು. ಪೊಲೀಸ್ ಎಂದು ಕೂಗಲು ಬಾಯಿ ತೆರೆದವರು ಹಾಗೇ ನಿಂತರು. ಗೋಡೆಯ ನಡುವಿನ ಪರದೆಯಲ್ಲಿ ಅವರದೇ ಹೆಸರು ಕೆಂಪಾಗಿ ಮೇಲೆ ಬಂದಿತ್ತು. ಸೇವನೆ ಹದಿನೆಂಟು ಗ್ರಾಂ. ಅವರು ಉಗುಳಿದ ಉಪ್ಪೆಲ್ಲ ನೆಲದ ಮೇಲೆ ಬಿದ್ದಿತ್ತು. ತೋಳಿನೊಳಗೆ ಮಣಿ ಟಿಕ್ ಎಂದು ಮದ್ದು ಬಿಟ್ಟ ಸಣ್ಣ ಕಂಪನ ಅವರಿಗೇ ಗೊತ್ತಾಯಿತು. ಮಣಿ ಬಂದ ಮೇಲೆ ಮೊದಲ ಬಾರಿಗೆ ಅವರು ತಮ್ಮ ತೋಳನ್ನು ಭಯದಿಂದ ನೋಡಿಕೊಂಡರು.

ರಕ್ತದ ಫಲಿತಾಂಶ ಎಂಟು ನಿಮಿಷಕ್ಕೆ ಬಂತು. ನೂರ ನಲವತ್ತರ ಆಸುಪಾಸು ಇರಬೇಕಾದ ಉಪ್ಪಿನ ಅಂಕೆ ನೂರಾ ಒಂಬತ್ತು. "ಇದರಲ್ಲಿ ಮನುಷ್ಯ ಬದುಕಿರುವುದೇ ಹೆಚ್ಚು" ಎಂದರು ಮಿರ್ಜಿ. ಹೊಸಗಜನಿಯ ಅಷ್ಟೂ ಮಣಿಗಳಿಗೆ ತಡೆ ಕೊಟ್ಟರು. ಅನಂತ ಮಾಸ್ತರರ ಹೆಸರಿಗೆ ಬಂದಾಗ ಶೇವಂತಿಯೇ "ಅವ್ರದ್ದು ಬ್ಯಾಡ ಸಾರ್, ಅವರು ಆಗರಕ್ಕೆ ಹೋಗೂದಿಲ್ಲ, ಅವ್ರ ಹೃದಯಕ್ಕೆ ಅದು ಬೇಕು" ಎಂದಳು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು. ಗಾಢ ಉಪ್ಪಿನ ಎರಡು ಸಲೈನ್ ಬಾಟಲಿ ಎತ್ತಿಕೊಂಡು ಮಿರ್ಜಿಯವರು ತಾವೇ ಜೀಪ್ ಹತ್ತಿದರು.

ಉಪಕೇಂದ್ರದ ಮೆಟ್ಟಿಲಿಂದಲೇ ರಕ್ತ ಶುರುವಾಗಿತ್ತು.

ಆಗರದ ಜನ ಅರವತ್ತು ಎಪ್ಪತ್ತು ಮಂದಿ ಅಲ್ಲಿದ್ದರು. ಪರದೆ ಚೂರಾಗಿತ್ತು. ಕಾನ್‌ಸ್ಟೇಬಲ್‌ನನ್ನು ಕಕ್ಕಸಿನಲ್ಲಿ ಕೂಡಿಹಾಕಿದ್ದರು. ಮೆಟ್ಟುಗತ್ತಿ, ಬ್ಲೇಡು, ಮೀನಿನ ಕತ್ತಿ, ಕೈಗೆ ಸಿಕ್ಕಿದ್ದರಲ್ಲಿ ಒಬ್ಬರ ತೋಳನ್ನು ಇನ್ನೊಬ್ಬರು ಸೀಳುತ್ತಿದ್ದರು. ಕೆಲವರ ಮಣಿ ಇಡಿಯಾಗಿ ಬಂತು, ಕೆಲವರದು ಒಳಗೇ ಒಡೆದಿತ್ತು. ಒಡೆದವರು ಅಂಗಳದಲ್ಲಿ ಮಲಗಿ ಒದ್ದಾಡುತ್ತಿದ್ದರು. ನಡುವೆ ಈರು ಮಂಡಿಯೂರಿ ಕೂತು ಅನಂತ ಮಾಸ್ತರರ ತೋಳನ್ನು ತೊಡೆಯ ಮೇಲೆ ಒತ್ತಿ ಹಿಡಿದಿದ್ದ. ಮಾಸ್ತರರು ಅವನಿಗೆ ಅಕ್ಷರ ಕಲಿಸಿದವರು. ಎರಡು ವರ್ಷದ ಹಿಂದೆ ಆರು ತಿಂಗಳು ಮಾತ್ರ ಎಂದು ಡಾಕ್ಟರು ಕೈಬಿಟ್ಟಿದ್ದರು. ಮಣಿ ಬಂದ ಮೇಲೆ ಕಾಲಿನ ಬಾವು ಇಳಿದು ನಡೆದಾಡುತ್ತಿದ್ದರು. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಗುಳಿಗೆಯನ್ನೂ ತಿನ್ನುತ್ತಿದ್ದರು.

"ಈರು, ಬಿಡಾ!" ಶೇವಂತಿ ಜನರನ್ನು ನೂಕಿ ನುಗ್ಗಿದಳು. ಯಾರದೋ ಮೊಣಕೈ ಅವಳ ಮೂಗಿಗೆ ಬಡಿದು ಕಣ್ಣು ಕತ್ತಲಿಟ್ಟಿತು.

"ಬಿಡ್ತೆ ಬಾಯೋರೆ, ಈಗ ತೆಗ್ದೆ. ಮಾಸ್ತರಿಗೂ ಮಂಕು ಹಿಡ್ದದೆ, ಬ್ಯಾಡ ಬ್ಯಾಡ ಅಂತ್ರು. ನನ್ನಣ್ಣ ಹೋದ ಹಾಂಗೆ ಇವ್ರೂ ಹೋಗೂದು ಬ್ಯಾಡ." ಈರುವಿನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪ್ರೀತಿಯಿಂದಲೇ ಕತ್ತಿ ತಿರುಗಿಸಿದ. ಮಣಿ ಚಿಟ್ಟೆಂದು ಒಡೆಯಿತು, ಅದರ ಹಿಂದೆಯೇ ರಕ್ತ ಚಿಮ್ಮಿ ಅವನ ಮುಖಕ್ಕೆ ಹಾರಿತು.

ಶೇವಂತಿ ಸೆರಗು ಕಟ್ಟಿದಳು, ಹೆಬ್ಬೆರಳಿನಿಂದ ಒತ್ತಿದಳು, ಮಿರ್ಜಿ ತಮ್ಮ ಬೆಲ್ಟ್ ಬಿಗಿದರು. ಗುಳಿಗೆ ತಿಂದು ತೆಳ್ಳಗಾದ ರಕ್ತ ನಿಲ್ಲಲೊಲ್ಲದು. ಮಾಸ್ತರರು ಅವಳ ಮುಖ ನೋಡಿ ತುಟಿ ಅಲ್ಲಾಡಿಸಿದರು. "ಹೇಳ್ದೆ ಶೇವಂತಿ. ಕೇಳ್ಲಿಲ್ಲ ಇವರು." ಅಷ್ಟೇ. ಉಸಿರು ನಿಂತಿತು. ಈರು ತನ್ನ ಕತ್ತಿಯನ್ನೇ ನೋಡುತ್ತ ಕೂತ. ಅವನನ್ನು ಬೈಯಲು ಶೇವಂತಿಗೆ ಬಾಯಿ ಬರಲಿಲ್ಲ. ತಾನು ಮನೆಮನೆಗೆ ಹೋಗಿ ಮಾಡಿದ್ದೂ ಇದನ್ನೇ ಅಲ್ಲವೇ ಅನ್ನಿಸಿತು. ಅವಳ ಕೈಯಲ್ಲಿ ಕತ್ತಿ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಅಂಗಳದಲ್ಲಿ ಒದ್ದಾಡುತ್ತಿದ್ದವರನ್ನು ಮಿರ್ಜಿ ಆಂಬುಲೆನ್ಸ್ ತರಿಸಿ ತಾಲೂಕು ಆಸ್ಪತ್ರೆಗೆ ಕಳಿಸಿದರು. ಹಿಂದಿನ ಕೋಣೆಯಲ್ಲಿ ಬೊಮ್ಮಯ್ಯನಿಗೆ ಸೆಳವು ಮತ್ತೆ ಎಳೆಯುತ್ತಿತ್ತು. ಇಬ್ಬರೂ ಸೇರಿ ಸಲೈನ್ ಏರಿಸಿದರು. ಬಿರುಸಾಗಿ ಏರಿಸಿದರೆ ಮಿದುಳಿಗೇ ಪೆಟ್ಟು, ನಿಧಾನವಾದರೆ ಜೀವಕ್ಕೆ. ಮಿರ್ಜಿ ಮಂಚದ ಪಕ್ಕದಿಂದ ಏಳಲಿಲ್ಲ, ಗಂಟೆಗಂಟೆಗೂ ರಕ್ತ ತೆಗೆದು ಪರೀಕ್ಷಿಸಿದರು. ಅವರ ಒಡೆದ ತುಟಿ ಊದಿಕೊಂಡಿತ್ತು.

ಮೂರನೆಯ ದಿನ ಬೆಳಿಗ್ಗೆ ಬೊಮ್ಮಯ್ಯ ಕಣ್ಣು ಬಿಟ್ಟು ತಂಗಿಯನ್ನು ಗುರುತಿಸಿದ.

"ಎಂತಾ ಆತು ಕೈಗೆ?" ಅವಳ ಮುಂಗೈ ನೋಡಿ ಕೇಳಿದ. ಆಮೇಲೆ, "ಏಳನೇ ಪಾತಿ ಹದಕ್ಕೆ ಬಂದಿತ್ತು ತಂಗೀ. ಗಣಪು ಎಳೆದ್ನಾ?"

ಮಿರ್ಜಿ ಅವಳನ್ನು ಬಾಗಿಲಾಚೆ ಕರೆದರು. "ಈಗಲೇ ಹೇಳಬೇಡಿ. ಒಂದು ವಾರ ಹೋಗಲಿ. ಮನಸ್ಸು ತಡೆಯುವುದಿಲ್ಲ. ಇದು ನನ್ನ ಸಲಹೆ."

ಸಲಹೆ ಒಳ್ಳೆಯದೇ ಇರಬಹುದು. ಶೇವಂತಿ ಅದನ್ನು ತಲೆಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿದಳು. ಒಳಬಂದು ಅಣ್ಣನ ಪಕ್ಕ ಕೂತಳು. "ಅಣ್ಣಾ, ಒಂದು ಕೆಟ್ಟ ಸುದ್ದಿ ಅದೆ. ಡಾಕ್ಟ್ರು ವಾರ ಬಿಟ್ಟು ಹೇಳು ಅಂತ್ರು. ನೀ ಎಂತ ಹೇಳ್ತೆ? ಈಗ ಬೇಕಾ, ಆಮೇಲಾ?"

"ಈಗ್ಲೇ ಹೇಳು."

ಹೇಳಿದಳು. ಹಲಗೆಯ ಹಿಡಿ ಮುರಿದದ್ದನ್ನೂ ಬಿಡಲಿಲ್ಲ. ಬೊಮ್ಮಯ್ಯ ತನ್ನ ಎರಡೂ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡ. ಆಮೇಲೆ ಆ ಕೈಗಳಿಂದಲೇ ತನ್ನ ಮುಖಕ್ಕೆ ಹೊಡೆದುಕೊಳ್ಳತೊಡಗಿದ. ಮೂಗಿನಲ್ಲಿ ರಕ್ತ ಬರುವವರೆಗೆ ಹೊಡೆದುಕೊಂಡ. ಹಿಡಿಯಲು ಮಿರ್ಜಿಯೂ ಬರಬೇಕಾಯಿತು.

ಮಧ್ಯಾಹ್ನ ಅಬ್ಬೆ ಉಪ್ಪು ಹಾಕಿದ ಗಂಜಿ ತಂದಳು. ಬೊಮ್ಮಯ್ಯ ಒಂದು ತುತ್ತು ಬಾಯಿಗಿಟ್ಟು ಉಗುಳಿ ಬಟ್ಟಲು ಸರಿಸಿದ. "ಸಪ್ಪೆ ಕೊಡು. ಹನ್ನೊಂದು ದಿವ್ಸ." ಹೊಸಗಜನಿಯಲ್ಲಿ ಜೊತೆಗಾರ ಸತ್ತರೆ ಅವನೊಡನೆ ಪಾತಿ ಎಳೆದವನು ಹನ್ನೊಂದು ದಿನ ಉಪ್ಪು ಮುಟ್ಟುವುದಿಲ್ಲ.

"ಹನ್ನೊಂದು ದಿನವೇ?" ಮಿರ್ಜಿ ಶೇವಂತಿಯತ್ತ ತಿರುಗಿದರು. "ಉಪ್ಪು ಹೋಗದಿದ್ದರೆ ಅಂಕೆ ಮತ್ತೆ ಬೀಳುತ್ತದೆ. ಹೇಳಿ ಅವರಿಗೆ."

ಯಾವ ಬಾಯಿಂದ ಹೇಳುವುದು? ತಿನ್ನಬೇಡ ಎಂದು ಹೇಳಿದ್ದೂ ಇದೇ ಬಾಯಿ. ಅವನು ಒಂದು ಹರಳೂ ಮುಟ್ಟದೆ ಪಾಲಿಸಿದ. ಪಾಲಿಸಿದ್ದಕ್ಕೇ ಗಣಪು ಸತ್ತ. ಅವಳು ಬಟ್ಟಲು ಕೈಗೆತ್ತಿಕೊಂಡಳು, ಗಂಜಿ ಆರುತ್ತ ಬಂತು.

ಬಾಗಿಲಲ್ಲಿ ಹೊನ್ನಿ ಬಂದು ನಿಂತದ್ದನ್ನು ಅಬ್ಬೆಯೇ ಮೊದಲು ಕಂಡದ್ದು. ಗಣಪುವಿನ ಹೆಂಡತಿ. ಕುಂಕುಮವಿಲ್ಲ, ಕೈ ಬರಿದು. ಯಾರೂ ತಡೆಯಲಿಲ್ಲ. ಅವಳು ನೆಟ್ಟಗೆ ಮಂಚದ ಹತ್ತಿರ ಬಂದು ಬೊಮ್ಮಯ್ಯನ ಕೆನ್ನೆಗೆ ಬಾರಿಸಿದಳು. ಇನ್ನೊಮ್ಮೆ. ಮತ್ತೊಮ್ಮೆ. ಬೊಮ್ಮಯ್ಯ ಮುಖ ಅಡ್ಡ ಮಾಡಲಿಲ್ಲ. ತನ್ನ ಕೈ ಸೋತ ಮೇಲೆ ಹೊನ್ನಿ ಶೇವಂತಿಯ ಕೈಯಿಂದ ಬಟ್ಟಲು ಕಸಿದು ಅವನ ಎದೆಗೆ ಒತ್ತಿದಳು.

"ಉಣ್ಣು. ನೀ ಸಪ್ಪೆ ತಿಂದು ಸತ್ರೆ ಎಂತಾ ಬರೀತ್ರು ಗೊತ್ತದ್ಯಾ? ಹುಚ್ಚ ಹೊಡ್ದ, ಹುಚ್ಚ ಸತ್ತ ಅಂತ ಬರೀತ್ರು, ಅಲ್ಲಿಗೆ ಮುಗೀತು. ನನ್ನ ಗಂಡನ್ನ ಕೊಂದದ್ದು ಎಂತದು ಅಂತ ಕೋರ್ಟಲ್ಲಿ ನಿಂತು ಹೇಳೂಕೆ ನೀ ಬೇಕು. ಅಲ್ಲೀವರೆಗೆ ಸಾಯೂಕೆ ನಾ ಬಿಡೂದಿಲ್ಲ."

ಬೊಮ್ಮಯ್ಯ ಹಳೇ ರೂಢಿಯಂತೆ ತಂಗಿಯ ಮುಖ ನೋಡಿದ. "ಉಣ್ಲಾ ತಂಗೀ?"

"ನನ್ನ ಕೇಳ್ಬ್ಯಾಡ ಅಣ್ಣಾ" ಎಂದಳು ಶೇವಂತಿ. "ಇನ್ನು ನನ್ನ ಕೇಳ್ಬ್ಯಾಡ."

ಅವನು ಗಂಜಿಯನ್ನು ಬಾಯಿಗಿಟ್ಟುಕೊಂಡ. ಅಭ್ಯಾಸದಂತೆ ನಾಲಗೆಯ ಮೇಲೆ ಅದನ್ನು ಆಡಿಸಿದ, ಹದ ನೋಡುವವನ ಹಾಗೆ. ಈ ಸಲ ಉಗುಳಲಿಲ್ಲ. ಬಟ್ಟಲು ಬರಿದಾಗುವವರೆಗೂ ಹೊನ್ನಿ ಅಲ್ಲಿಂದ ಕದಲಲಿಲ್ಲ.